ಕಾದಂಬರಿಯ ಓದು, ಚಲಚ್ಚಿತ್ರದ ನೋಟ

ಕಾಳಿದಾಸನ ಶಾಕುಂತಲವನ್ನು ನೋಡಲು ನೆರೆದ ಪ್ರೇಕ್ಷಕರಿಗೆ ಆ ಕಥೆ ಹೊಸದಾಗಿರಲಿಲ್ಲ. ಅದು ಮಹಾಭಾರತದ ಆದಿಪರ್ವದಲ್ಲಿ ಮೊದಲೇ ಇದ್ದಿತು. ಅಲ್ಲಿ ಇಲ್ಲದಿದ್ದುದು ದುರ್ವಾಸರ ಶಾಪ ಮತ್ತು ಕಳೆದುಹೋದ ಉಂಗುರ. ಎಲ್ಲವೂ ನೆನಪಿದ್ದೂ ಅರಿಯದವನಂತೆ ನಡೆದುಕೊಂಡ ಮಹಾಭಾರತದ ದೊರೆ, ನಾಟಕದಲ್ಲಿ ಶಾಪದಿಂದ ನಿಜವಾಗಿಯೂ ಮರೆತವನಾದನು. ಈ ಮಾರ್ಪಾಟಿನ ಸ್ವಾರಸ್ಯ ಮೂಲವನ್ನು ಬಲ್ಲವನಿಗೇ ಪೂರ್ಣವಾಗಿ ದಕ್ಕುತ್ತದೆ. ಯಕ್ಷಗಾನದ ಬಯಲಾಟಕ್ಕೆ ಹೋಗಿ ಕುಳಿತುಕೊಳ್ಳುವವರೂ ಪ್ರಸಂಗವನ್ನು ಅರಿತವರೇ. ಆದುದರಿಂದ, ಕಥೆ ಮೊದಲೇ ತಿಳಿದಿದ್ದರೆ ನೋಟದ ರುಚಿ ಕೆಡುತ್ತದೆಂಬ ಮಾತು ನಮ್ಮ ಪರಂಪರೆಯ ಅನುಭವಕ್ಕೆ ಹೊಂದುವಂತಹುದಲ್ಲ. ಕಾದಂಬರಿಯನ್ನು ಆಧರಿಸಿದ ಚಲಚ್ಚಿತ್ರಗಳ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುತ್ತದೆ.

ಚೆನ್ನೈಯ ಕನ್ನಡಿಗರಿಗೆ ಈ ವಿಷಯ ದೂರದ್ದೇನೂ ಅಲ್ಲ. 1950 ಮತ್ತು 60ರ ದಶಕಗಳಲ್ಲಿ ಕನ್ನಡ ಚಿತ್ರಗಳ ಬಹುಭಾಗ ಸಿದ್ಧವಾದುದು ಕೋಡಂಬಾಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿಯೇ. ಆ ಕಾಲದ ನಡುವಿನಿಂದ ಕನ್ನಡ ಕಾದಂಬರಿಗಳು ಒಂದರ ಹಿಂದೆ ಒಂದರಂತೆ ತೆರೆಗೆ ಬರತೊಡಗಿದವು. ತ. ರಾ. ಸುಬ್ಬರಾಯರ ‘ಚಂದವಳ್ಳಿಯ ತೋಟ’ 1964ರಲ್ಲಿ, ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ 1966ರಲ್ಲಿ, ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ ಚಿತ್ರಗಳಾದವು. ತ್ರಿವೇಣಿಯವರು 1963ರಲ್ಲಿಯೇ ತೀರಿಕೊಂಡಿದ್ದರು. 1971ರ ‘ಶರಪಂಜರ’ವನ್ನೂ ಅವರು ನೋಡಲಿಲ್ಲ. ತೆರೆಯ ಮೇಲಿನ ಕಾವೇರಿ ತಾವು ಕಂಡ ಕಾವೇರಿಯೇ ಅಲ್ಲವೇ ಎಂದು ಹೇಳಲು ಲೇಖಕಿ ಇರಲಿಲ್ಲ. ಆ ಮಾತನ್ನು ಹೇಳಬಲ್ಲ ಸಾಕ್ಷಿಯೆಂದರೆ ಅವರ ಪುಸ್ತಕ ಒಂದೇ.

ಕಾದಂಬರಿ ಚಿತ್ರವಾಗುವಾಗ ಮುಖ್ಯವಾಗಿ ಮೂರು ವ್ಯತ್ಯಾಸಗಳು ಒದಗುತ್ತವೆ. ಮೊದಲನೆಯದು ಗಾತ್ರದ್ದು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ತ. ರಾ. ಸು. ಅವರ ಒಂದು ಕಾದಂಬರಿಯನ್ನಲ್ಲ, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರನ್ನು ಒಂದೇ ಚಿತ್ರದಲ್ಲಿ ಅಡಗಿಸಿತು. ಆಯ್ದುಕೊಳ್ಳದೆ, ಬಿಡದೆ, ಬೆಸೆಯದೆ ಇದು ಸಾಧ್ಯವಿಲ್ಲ. ಚಿತ್ರ ಅಪಾರ ಜನಪ್ರೀತಿಯನ್ನು ಗಳಿಸಿತು. ಮೂಲ ಲೇಖಕರಿಗೆ ಅದು ಸಮಾಧಾನವನ್ನು ತರಲಿಲ್ಲವೆಂಬುದೂ ಪ್ರಸಿದ್ಧವಾಗಿದೆ. ಇವರಿಬ್ಬರ ನಡುವೆ ನ್ಯಾಯ ಹೇಳಬೇಕಾದರೆ ಮೂರು ಪುಸ್ತಕಗಳನ್ನೂ ಓದಿರಬೇಕು. ಅಸಲನ್ನೇ ಕಾಣದವನು ಬಡ್ಡಿಯ ಲೆಕ್ಕವನ್ನು ಹೇಗೆ ತಾನೇ ಪರಿಶೀಲಿಸಿಯಾನು?

ಎರಡನೆಯ ವ್ಯತ್ಯಾಸ ಅಂತರಂಗಕ್ಕೆ ಸಂಬಂಧಿಸಿದುದು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಇದಕ್ಕೆ ಉತ್ತಮ ನಿದರ್ಶನ. ನಾರಣಪ್ಪನ ಶವಸಂಸ್ಕಾರದ ಸಮಸ್ಯೆಯಿಂದ ಹೊರಡುವ ಕಥೆ, ಮುಂದೆ ಪ್ರಾಣೇಶಾಚಾರ್ಯರ ಮನಸ್ಸಿನೊಳಗಣ ವಾದವಾಗಿ ಬೆಳೆಯುತ್ತದೆ. ಅಗ್ರಹಾರವನ್ನು ಬಿಟ್ಟು ಅವರು ನಡೆಯುವಾಗ ಓದುಗನು ಅವರ ತರ್ಕ, ಭಯ, ಆತ್ಮಪರೀಕ್ಷೆಗಳ ಒಳಗೇ ನಡೆಯುತ್ತಾನೆ. ಪಟ್ಟಾಭಿರಾಮ ರೆಡ್ಡಿಯವರ ಚಿತ್ರದಲ್ಲಿ (1970) ಗಿರೀಶ ಕಾರ್ನಾಡರ ಮುಖ ಈ ಭಾರವನ್ನು ಹೊತ್ತಿದೆ. ಕಾದಂಬರಿಯನ್ನು ಓದಿದವನು ಆ ಮೌನದಲ್ಲಿ ಒಂದು ವಾದವನ್ನೇ ಕೇಳುತ್ತಾನೆ. ಓದದವನಿಗೆ ನಡೆದುಹೋಗುವ ಒಬ್ಬ ಮನುಷ್ಯನಷ್ಟೇ ಕಂಡಾನು.

ಈ ಚಿತ್ರಕ್ಕೂ ಮದರಾಸಿಗೂ ನಂಟು ಉಂಟು. ಕಾರ್ನಾಡರು 1963ರಿಂದ 1970ರವರೆಗೆ ಈ ನಗರದ ಆಕ್ಸ್‌ಫರ್ಡ್ ಪ್ರಕಾಶನ ಕಚೇರಿಯಲ್ಲಿ ಕೆಲಸದಲ್ಲಿದ್ದರು. ಚಿತ್ರಕ್ಕೆ ಮೊದಲು ಅನುಮತಿಯನ್ನು ನಿರಾಕರಿಸಿದುದೂ ಮದರಾಸಿನ ಸೆನ್ಸಾರ್ ಮಂಡಳಿಯೇ. ಮೇಲಿನ ಹಂತದಲ್ಲಿ ನಿಷೇಧ ತೆರವಾದ ತರುವಾಯ, ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಪಡೆದ ಮೊದಲ ಕನ್ನಡ ಚಿತ್ರವೆಂಬ ಗೌರವ ಅದಕ್ಕೆ ಸಂದಿತು. ಇಲ್ಲೊಂದು ಅಂಶ ಗಮನಾರ್ಹ. ಚಿತ್ರವನ್ನು ನೋಡಬೇಕಾದವರು ಅನುಮತಿಗಾಗಿ ಕಾಯಬೇಕಾಯಿತು; ಪುಸ್ತಕವಾದರೋ ಐದು ವರ್ಷಗಳಿಂದ ಓದುಗರ ಕೈಯಲ್ಲಿಯೇ ಇದ್ದಿತು. ನಿಷೇಧದ ಯುಕ್ತಾಯುಕ್ತತೆಯನ್ನು ಸ್ವಂತ ಬುದ್ಧಿಯಿಂದ ವಿಚಾರಿಸುವ ಶಕ್ತಿ ಓದಿದವರಲ್ಲಿ ಹೆಚ್ಚಾಗಿದ್ದಿತು.

ಮೂರನೆಯದು ರೂಪದ್ದು. ಓದುಗನು ಪಾತ್ರಕ್ಕೆ ತಾನೇ ಮುಖವನ್ನು ಕೊಡುತ್ತಾನೆ. ತೆರೆಯ ಮೇಲೆ ಒಮ್ಮೆ ವಿಷ್ಣುವರ್ಧನರನ್ನು ಕಂಡ ಮೇಲೆ ರಾಮಾಚಾರಿಗೆ ಬೇರೆ ಮುಖವನ್ನು ಕಲ್ಪಿಸುವುದು ಕಷ್ಟ. ಓದಿ ನೋಡಿದವನ ಬಳಿ ಎರಡು ಚಿತ್ರಗಳಿರುತ್ತವೆ. ನೋಡಿ ಓದುವವನಿಗೆ ಬಹುಮಟ್ಟಿಗೆ ಒಂದೇ ಉಳಿಯುತ್ತದೆ. ಓದು ಮೊದಲಾಗಬೇಕೆಂಬುದಕ್ಕೆ ಇದೇ ಪ್ರಬಲವಾದ ಕಾರಣ.

ಇದರಿಂದ ಚಲಚ್ಚಿತ್ರ ಕೀಳೆಂದು ಭಾವಿಸತಕ್ಕದ್ದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಅದರಲ್ಲಿ ದುಡಿಯ ಸದ್ದನ್ನು ಅಕ್ಷರಗಳು ಸೂಚಿಸಬಲ್ಲವೇ ಹೊರತು ಬಾರಿಸಲಾರವು. ಬಿ. ವಿ. ಕಾರಂತರ 1975ರ ಚಿತ್ರದಲ್ಲಿ ಎಂ. ವಿ. ವಾಸುದೇವರಾಯರ ಚೋಮ ದುಡಿಯನ್ನು ಬಡಿದಾಗ, ಪುಸ್ತಕ ಮೌನವಾಗಿ ಹೇಳಿದ ದುಃಖಕ್ಕೆ ನಾದ ದೊರೆಯಿತು. ಓದಿದವನಿಗೆ ಇದು ನಷ್ಟವಲ್ಲ, ಮತ್ತೊಂದು ಲಾಭ.

ತಮಿಳರು ಈಚೆಗೆ ಇದನ್ನು ತೋರಿಸಿಕೊಟ್ಟಿದ್ದಾರೆ. 1950ರಿಂದ 1954ರವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ಐದು ಭಾಗಗಳ ಬೃಹತ್ಕೃತಿ. ಮಣಿರತ್ನಂ ಅದನ್ನು 2022 ಮತ್ತು 2023ರಲ್ಲಿ ಎರಡು ಚಿತ್ರಗಳಾಗಿ ತಂದರು. ಕಥೆಯನ್ನು ಅರಿತವರೇ ಚಿತ್ರಮಂದಿರಕ್ಕೆ ಗುಂಪಾಗಿ ಹೋದರು. ಯಾವುದನ್ನು ಬಿಟ್ಟರು, ಯಾವುದನ್ನು ಬದಲಿಸಿದರು ಎಂಬ ಚರ್ಚೆಯೇ ಅವರಿಗೆ ಒಂದು ಸಂತೋಷವಾಯಿತು.

ಈ ನಗರದ ಕನ್ನಡ ಮನೆಗಳಲ್ಲಿ ಅಂತಹ ಚರ್ಚೆ ನಡೆಯಲು ಒಂದು ತೊಡಕುಂಟು. 2006ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ನೆಲದ ಭಾಷೆಯನ್ನು ಕಲಿಯುವುದು ಒಳ್ಳೆಯದೇ. ಆದರೆ ಮನೆಯಲ್ಲಿ ಕನ್ನಡವನ್ನಾಡುವ ಮಗು ಕನ್ನಡ ಅಕ್ಷರವನ್ನು ಶಾಲೆಯಲ್ಲಿಯೇ ಕಲಿತೀತೆಂದು ನಂಬಿ ಕೂರುವಂತಿಲ್ಲ. ಕಿವಿಗೆ ಕನ್ನಡ ತಿಳಿಯುತ್ತದೆ, ಕಣ್ಣಿಗೆ ತಿಳಿಯದು. ಅಂತಹ ಮಗುವಿಗೆ ಚಿತ್ರದ ಬಾಗಿಲು ತೆರೆದಿರುತ್ತದೆ, ಪುಸ್ತಕದ ಬಾಗಿಲು ಮುಚ್ಚಿರುತ್ತದೆ. ಚಿತ್ರವನ್ನು ಮೊದಲೇ ತೋರಿಸಿಬಿಟ್ಟರೆ, ಕಥೆ ತಿಳಿಯಿತಲ್ಲ, ಇನ್ನು ಓದುವುದೇತಕ್ಕೆ ಎಂಬ ಸಮಾಧಾನ ಸುಲಭವಾಗಿ ಬಂದೀತು. ಆಗ ಅಕ್ಷರವನ್ನು ಕಲಿಯಲು ಇದ್ದ ಒಂದು ಆಸೆಯೂ ಅಳಿಯುತ್ತದೆ.

ಇದಕ್ಕೆ ಉಪಾಯ ದುಬಾರಿಯದೇನೂ ಅಲ್ಲ. ಗಮಕವಾಚನವನ್ನು ಬೆಳೆಸಿದ ನಾಡು ನಮ್ಮದು. ಓದಲಾರದವರಿಗೆ ಓದಿ ಹೇಳುವುದು ನಮಗೆ ಹೊಸ ವಿದ್ಯೆಯಲ್ಲ. ಮನೆಯ ಹಿರಿಯರು ದಿನಕ್ಕೊಂದು ಅಧ್ಯಾಯದಂತೆ ‘ಚೋಮನ ದುಡಿ’ಯನ್ನು ಗಟ್ಟಿಯಾಗಿ ಓದಲಿ. ಪುಸ್ತಕ ಚಿಕ್ಕದು, ಬೇಗನೆ ಮುಗಿಯುತ್ತದೆ. ಮಗು ಪಕ್ಕದಲ್ಲಿ ಕುಳಿತು ಸಾಲುಗಳ ಮೇಲೆ ಬೆರಳಾಡಿಸಲಿ. ಕೊನೆಯ ಅಧ್ಯಾಯದ ಕೆಲವು ವಾಕ್ಯಗಳನ್ನಾದರೂ ತಾನೇ ಕೂಡಿಸಿ ಓದಲಿ. ಆಮೇಲೆ ಎಲ್ಲರೂ ಕೂಡಿ ಚಿತ್ರವನ್ನು ನೋಡಬಹುದು. ತಾನು ಊಹಿಸಿದ ಚೋಮನಿಗೂ ತೆರೆಯ ಚೋಮನಿಗೂ ಏನು ವ್ಯತ್ಯಾಸವೆಂದು ಆ ಮಗು ಕೇಳಿದರೆ, ಕನ್ನಡಕ್ಕೆ ಒಬ್ಬ ಹೊಸ ಓದುಗ ದೊರೆತಂತಾಯಿತು.