ಹಳೆಯ ಕಛೇರಿಗಳನ್ನು ಕಣ್ಣಾರೆ ಕೇಳುವ ಸುಖ

ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಅಡಿಗೆ ಕಟ್ಟೆ ಒರೆಸಿ, ಸೆರಗಿಗೆ ಕೈ ಒರೆಸಿಕೊಂಡು ಕೂರುವ ಹೊತ್ತು ಇದೆಯಲ್ಲ, ಅದು ಗೃಹಿಣಿಯರ ಸ್ವಂತ ಆಸ್ತಿ. ಕೆಲವರು ಆಗ ಒಂದು ಕೋಳಿನಿದ್ದೆ ತೆಗೆಯುತ್ತಾರೆ. ಕೆಲವರು ಧಾರಾವಾಹಿ ನೋಡುತ್ತಾರೆ. ನಮ್ಮ ದೊಡ್ಡಬಳ್ಳಾಪುರದಲ್ಲಂತೂ ಎಷ್ಟೋ ಹೆಂಗಸರಿಗೆ ಆ ಹೊತ್ತೂ ಬಿಡುವಿಲ್ಲ. ಮನೆಯಲ್ಲೇ ಮಗ್ಗ, ಕಂಡಿಕೆ ಸುತ್ತುವ ಕೆಲಸ ಇದ್ದೇ ಇರುತ್ತದೆ.

ನಮ್ಮ ಮನೆಯಲ್ಲಿ ಈಗ ಮಗ್ಗವಿಲ್ಲ. ಹಾಗಾಗಿ ಆ ಒಂದು ಗಂಟೆ ನನಗೂ ನಮ್ಮ ಅತ್ತೆಯವರಿಗೂ ಹೊಸ ಹವ್ಯಾಸವೊಂದು ಅಂಟಿಕೊಂಡಿದೆ. ಮಗಳು ಬಿಟ್ಟುಹೋದ ಹಳೆಯ ಮೊಬೈಲ್ ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿಟ್ಟು, ಹಿಂದಿನ ಕಾಲದ ಸಂಗೀತ ಕಛೇರಿಗಳ ಚಿತ್ರಗಳನ್ನು ನೋಡುವುದು! ಪಕ್ಕದ ಮನೆಯ ಪವರ್‌ಲೂಮಿನ ಸದ್ದಿನ ನಡುವೆಯೇ ನಮ್ಮ ಕಛೇರಿ ನಡೆಯುತ್ತದೆ. ಅತ್ತೆಗೆ ವಯಸ್ಸು 79. ಕಿವಿ ಸ್ವಲ್ಪ ಮಂದ. “ಕೇಳಿಸದಿದ್ರೆ ಹೋಗ್ಲಿ ಬಿಡಮ್ಮಾ, ಕಾಣಿಸ್ತದಲ್ಲ” ಅನ್ನುತ್ತಾರೆ.

ಹಾಡನ್ನು ನೋಡುವುದೇ? ಸಂಗೀತ ಕೇಳುವುದಕ್ಕಲ್ಲವೇ ಇರುವುದು? ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಮದುವೆ ಮನೆಯ ವಾದ್ಯ

ಮೊದಲ ದಿನ ನಾವು ನೋಡಿದ್ದು ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕಛೇರಿ. ಅತ್ತೆ ನೋಡಿದವರೇ, “ಇದೇನಮ್ಮಾ, ಮದುವೆ ಮನೆ ವಾಲಗ ಹಾಕಿದೀಯ?” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಈಗ ಎಷ್ಟೋ ಮದುವೆಗಳಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೂತಿದೆ. ಆದರೆ ಆ ವಾದ್ಯ ಅಲ್ಲಿಗೆ ಬಂದದ್ದು ಹೇಗೆ ಎಂದು ನಾವು ಯೋಚಿಸುವುದೇ ಇಲ್ಲ.

ಸ್ಯಾಕ್ಸೋಫೋನ್ ಹುಟ್ಟಿದ್ದು ಯೂರೋಪಿನಲ್ಲಿ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಹಕ್ಕುಪತ್ರ ಪಡೆದ. ಮಿಲಿಟರಿ ಬ್ಯಾಂಡುಗಳಿಗೆಂದು ಹೊರಟ ವಾದ್ಯ ಅಮೆರಿಕಕ್ಕೆ ಹೋಗಿ, ಅಲ್ಲಿನ ಕಪ್ಪು ಜನರ ಜಾಸ್ ಸಂಗೀತದ ಜೀವವಾಯಿತು. ನಮ್ಮಲ್ಲಿ ಅರಮನೆಯ ಬ್ಯಾಂಡಿನಲ್ಲಿ ಸೇರಿಕೊಂಡಿತು. ದಕ್ಷಿಣ ಕನ್ನಡದ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರು ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದರು. ಅವರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗ ಮಾತ್ರ ಪರದೇಶದ ವಾದ್ಯವನ್ನು ಹಿಡಿದ.

ಹಿಡಿದರೆ ಆಯಿತೇ? ಕರ್ನಾಟಕ ಸಂಗೀತದ ಪ್ರಾಣವೇ ಗಮಕ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು, ತೂಗಬೇಕು. ನಾಗಸ್ವರದಲ್ಲಾದರೆ ಬೆರಳಿನಿಂದ ರಂಧ್ರವನ್ನು ಅರ್ಧ ಮುಚ್ಚಿ, ಉಸಿರನ್ನು ಹದಮಾಡಿ ಅದನ್ನು ತರಬಹುದು. ಸ್ಯಾಕ್ಸೋಫೋನಿನ ರಂಧ್ರಗಳ ಮೇಲೆ ಮುಚ್ಚಳಗಳಿವೆ. ಕೀಲಿ ಒತ್ತಿದರೆ ಪೂರ್ತಿ ಮುಚ್ಚುತ್ತದೆ, ಬಿಟ್ಟರೆ ಪೂರ್ತಿ ತೆರೆಯುತ್ತದೆ. ಜಾರುವುದನ್ನೆಲ್ಲ ತುಟಿ, ದವಡೆ, ಉಸಿರುಗಳಿಂದಲೇ ಸಾಧಿಸಬೇಕು. ಗೋಪಾಲನಾಥರು ವಾದ್ಯವನ್ನೂ ಒಂದಿಷ್ಟು ಬದಲಾಯಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ ಇದನ್ನು ಒಲಿಸಿಕೊಂಡರು.

ರೇಡಿಯೋದಲ್ಲಿ ಕೇಳಿದಾಗ ಈ ಕಷ್ಟ ನಮಗೆ ತಿಳಿಯುವುದಿಲ್ಲ. ಚಿತ್ರದಲ್ಲಿ ನೋಡಿ! ಹೊಳೆಯುವ ರೇಷ್ಮೆಯ ಜುಬ್ಬಾ, ಹಣೆಯಲ್ಲಿ ಕುಂಕುಮ, ಬೆರಳ ತುಂಬ ಉಂಗುರ. ಚಕ್ಕಳಮಕ್ಕಳ ಹಾಕಿ ಕುಳಿತು, ಮಗುವನ್ನು ಎತ್ತಿಕೊಂಡಂತೆ ಆ ಭಾರದ ವಾದ್ಯವನ್ನು ಹಿಡಿದಿದ್ದಾರೆ. ಪಿಟೀಲು ನುಡಿಸುವ ಎ. ಕನ್ಯಾಕುಮಾರಿಯವರು ಪಕ್ಕದಲ್ಲಿದ್ದರಂತೂ ಇಬ್ಬರ ಸವಾಲು ಜವಾಬು ನೋಡಲು ಎರಡು ಕಣ್ಣು ಸಾಲದು. ಇವರು ಒಂದು ಸಂಚಾರ ನುಡಿಸಿ ಹುಬ್ಬು ಹಾರಿಸುತ್ತಾರೆ. ಆಕೆ ಅದನ್ನೇ ಕಮಾನಿನಲ್ಲಿ ತಿರುಗಿಸಿ ಕೊಟ್ಟು ನಗುತ್ತಾರೆ. “ನಮ್ಮಿಬ್ಬರ ಹಾಗೇ, ನೀನೊಂದು ಅಂದ್ರೆ ನಾನೊಂದು” ಎಂದು ಅತ್ತೆ ನನ್ನನ್ನು ತಿವಿದರು.

1980ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಗೋಪಾಲನಾಥರನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ತಾನೂ ಅವರೊಂದಿಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದರಂತೆ. 1994ರಲ್ಲಿ ಲಂಡನ್ನಿನ ಪ್ರಸಿದ್ಧ ಬಿಬಿಸಿ ಸಂಗೀತೋತ್ಸವಕ್ಕೆ ಆಹ್ವಾನ ಬಂತು. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಇನ್ನು ಅವರನ್ನು ಕಾಣಬೇಕಾದರೆ ಈ ಹಳೆಯ ಚಿತ್ರಗಳೇ ಗತಿ.

ಕಿವಿಗೆ ಸಿಗದ್ದು ಕಣ್ಣಿಗೆ

ಗಂಗೂಬಾಯಿ ಹಾನಗಲ್ಲರ ದನಿಯನ್ನು ಮೊದಲ ಬಾರಿ ರೇಡಿಯೋದಲ್ಲಿ ಕೇಳಿದಾಗ ಯಾರೋ ಗಂಡಸು ಹಾಡುತ್ತಿದ್ದಾರೆ ಎಂದುಕೊಂಡವರಲ್ಲಿ ನಮ್ಮ ಅತ್ತೆಯೂ ಒಬ್ಬರು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಹಾಗೆ ಗಡುಸಾಯಿತು. ಇನ್ನೊಬ್ಬರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಯನ್ನೇ ತಮ್ಮದಾಗಿಸಿಕೊಂಡು ಇನ್ನೂ ಎತ್ತರಕ್ಕೆ ಏರಿದರು.

ಚಿತ್ರದಲ್ಲಿ ನೋಡಿದಾಗ ಅತ್ತೆಗೆ ಆಶ್ಚರ್ಯ. ಕುಳ್ಳಗಿನ, ನಮ್ಮ ನಿಮ್ಮ ಮನೆಯ ಅಜ್ಜಿಯಂಥ ಹೆಂಗಸು! ಸೆರಗು ಹೊದ್ದು, ಮೂಗುಬೊಟ್ಟು ಇಟ್ಟು, ಒಂದು ಕೈ ಕಿವಿಯ ಬಳಿ ಹಿಡಿದು ಕೂತಿದ್ದಾರೆ. ಬಾಯಿ ತೆರೆದರೆ ಗುಡುಗು. ಪಕ್ಕದಲ್ಲಿ ಮಗಳು ಕೃಷ್ಣಾ ದನಿಗೂಡಿಸುತ್ತಾರೆ. ತಾಯಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಮಗಳು ಎತ್ತಿಕೊಳ್ಳುತ್ತಾರೆ. ಅಮ್ಮನ ಮುಖವನ್ನೇ ನೋಡುತ್ತಾ ಅವರು ಕಾಯುವ ಆ ಕ್ಷಣ ಯಾವ ಧ್ವನಿಮುದ್ರಿಕೆಯಲ್ಲೂ ಸಿಗುವುದಿಲ್ಲ. ಆ ಮಗಳು 2004ರಲ್ಲಿ ತಾಯಿಗಿಂತ ಮೊದಲೇ ಹೋದರು. ತಾಯಿ 2009ರವರೆಗೆ, 96 ವರ್ಷ ಬದುಕಿದ್ದರು. ಇದನ್ನು ತಿಳಿದುಕೊಂಡು ಆ ಚಿತ್ರ ನೋಡಿದರೆ ಕಣ್ಣು ತೇವವಾಗದೆ ಇರದು.

ಸಮುದ್ರದಾಚೆಯ ಹೆಣ್ಣುಮಗಳು

ಸ್ಯಾಕ್ಸೋಫೋನಿನ ಜಾಡು ಹಿಡಿದು ನಾವು ಅಮೆರಿಕಕ್ಕೂ ಹೋದೆವು. ಜಾಸ್ ಎಂದರೆ ಏನೋ ಗದ್ದಲ ಎಂದು ನನ್ನ ಭಾವನೆಯಾಗಿತ್ತು. ಅದೂ ನಮ್ಮ ಮನೋಧರ್ಮ ಸಂಗೀತದ ದೂರದ ನಂಟೇ. ಎಲ್ಲರಿಗೂ ಗೊತ್ತಿರುವ ಒಂದು ಮಟ್ಟನ್ನು ಇಟ್ಟುಕೊಂಡು, ಆ ಗಳಿಗೆಯಲ್ಲಿ ತೋಚಿದಂತೆ ಬೆಳೆಸುತ್ತಾರೆ. ಇವತ್ತು ನುಡಿಸಿದ್ದನ್ನು ನಾಳೆ ನುಡಿಸುವುದಿಲ್ಲ.

1957ರ ಡಿಸೆಂಬರ್ 8ರಂದು ಅಮೆರಿಕದ ಟೆಲಿವಿಷನ್ನಿನಲ್ಲಿ ಒಂದು ನೇರ ಪ್ರಸಾರವಾಯಿತು. ದೊಡ್ಡ ದೊಡ್ಡ ಜಾಸ್ ವಾದಕರೆಲ್ಲ ಸೇರಿದ್ದರು. ನಡುವೆ ಎತ್ತರದ ಸ್ಟೂಲಿನ ಮೇಲೆ ಬಿಲ್ಲಿ ಹಾಲಿಡೇ ಎಂಬ ಗಾಯಕಿ. ಬಡತನದಲ್ಲಿ ಹುಟ್ಟಿ, ಬದುಕಿನಲ್ಲಿ ಬಹಳ ಪೆಟ್ಟು ತಿಂದ ಹೆಣ್ಣು. ಆಗ ಆಕೆಗೆ 42. ಸುತ್ತ ನಿಂತವರಲ್ಲಿ ಲೆಸ್ಟರ್ ಯಂಗ್ ಎಂಬ ಸ್ಯಾಕ್ಸೋಫೋನ್ ವಾದಕನೂ ಇದ್ದ. ಇಬ್ಬರೂ ಯೌವನದಲ್ಲಿ ಪ್ರಾಣಸ್ನೇಹಿತರು, ಒಟ್ಟಿಗೆ ಎಷ್ಟೋ ರೆಕಾರ್ಡ್ ಕೊಟ್ಟವರು. ಆಮೇಲೆ ದೂರವಾಗಿದ್ದರು.

ಆತನಿಗೆ ಮೈಯಲ್ಲಿ ಸ್ವಸ್ಥವಿರಲಿಲ್ಲ. ತನ್ನ ಸರದಿ ಬಂದಾಗ ಒಂದೇ ಒಂದು ಸುತ್ತು ನುಡಿಸುತ್ತಾನೆ. ಆಡಂಬರವಿಲ್ಲ, ವೇಗವಿಲ್ಲ. ಒಂದು ನಿಟ್ಟುಸಿರಿನ ಹಾಗೆ ಕೆಲವು ಸ್ವರಗಳು, ಅಷ್ಟೇ. ಆಗ ಕ್ಯಾಮೆರಾ ಬಿಲ್ಲಿಯ ಮುಖವನ್ನು ತೋರಿಸುತ್ತದೆ. ಆಕೆ ಮೆಲ್ಲಗೆ ತಲೆದೂಗುತ್ತಾಳೆ. ತುಟಿಯ ಮೇಲೆ ನಗು, ಕಣ್ಣಿನಲ್ಲಿ ಏನೇನೋ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಭಾಷೆ ತಿಳೀದಿದ್ರೇನು ಕಣಮ್ಮ, ಆ ಮುಖ ನೋಡಿದ್ರೆ ತಿಳಿಯಲ್ವಾ? ಹಳೇದೆಲ್ಲಾ ನೆನೆಸ್ಕೊತಾ ಇದಾಳೆ” ಎಂದರು. ನಾನು ಕಥೆ ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು. 1959ರ ಮಾರ್ಚಿನಲ್ಲಿ ಆತ ಸತ್ತ. ಜುಲೈನಲ್ಲಿ ಆಕೆಯೂ ಹೋದಳು.

ಅಳುವುದೇ ಆಯಿತಲ್ಲ ಎನ್ನಬೇಡಿ. 1958ರ ನ್ಯೂಪೋರ್ಟ್ ಜಾಸ್ ಉತ್ಸವದ ಬಣ್ಣದ ಚಲನಚಿತ್ರವೂ ಇದೆ. ಅದರಲ್ಲಿ ಅನಿತಾ ಓಡೇ ಎಂಬಾಕೆ ಕಪ್ಪು ಉಡುಪು, ದೊಡ್ಡ ಟೋಪಿ, ಬಿಳಿ ಕೈಗವಸು ತೊಟ್ಟು ಹಾಡುತ್ತಾಳೆ. “ಬಿಸಿಲಲ್ಲಿ ಕೈಗೆ ಚೀಲ ಹಾಕ್ಕೊಂಡು ಹಾಡ್ತಾಳಲ್ಲಪ್ಪಾ!” ಎಂದು ಅತ್ತೆ ಬಿದ್ದು ಬಿದ್ದು ನಕ್ಕರು.

ಉಳಿದದ್ದೆಷ್ಟು, ಅಳಿದದ್ದೆಷ್ಟು

ಈ ಚಿತ್ರಗಳು ಉಳಿದದ್ದೇ ಪುಣ್ಯ. ಟೆಲಿವಿಷನ್ನಿನ ಮೊದಲ ದಿನಗಳಲ್ಲಿ ನೇರ ಪ್ರಸಾರವನ್ನು ಉಳಿಸಿಕೊಳ್ಳಲು ಪರದೆಯ ಎದುರಿಗೇ ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರ ತೆಗೆಯುತ್ತಿದ್ದರು. ಮುಂದೆ ವಿಡಿಯೋ ಟೇಪ್ ಬಂತು. ಆದರೆ ಟೇಪ್ ಬಲು ದುಬಾರಿ. ಒಮ್ಮೆ ಪ್ರಸಾರವಾದದ್ದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ತುಂಬುವ ಪದ್ಧತಿ ಎಷ್ಟೋ ದೇಶಗಳಲ್ಲಿತ್ತು. ಲಂಡನ್ನಿನ ಬಿಬಿಸಿಯಂಥ ಬಿಬಿಸಿಯೇ 1960, 70ರ ದಶಕಗಳಲ್ಲಿ ಹೀಗೆ ಬಹಳಷ್ಟನ್ನು ಕಳೆದುಕೊಂಡಿತು.

ನಮ್ಮ ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ನಮ್ಮ ಕಲಾವಿದರ ಹರೆಯದ ಕಛೇರಿಗಳು ಚಿತ್ರದಲ್ಲಿ ಸಿಗುವುದು ಬಹಳ ಅಪರೂಪ. ಇರುವುದನ್ನು ಈಗ ಪ್ರಸಾರ ಭಾರತಿಯವರು ಯೂಟ್ಯೂಬಿನಲ್ಲಿ ಹಾಕುತ್ತಿದ್ದಾರೆ. ಮನೆಯಲ್ಲಿ ಕೂತೇ, ಕಾಸು ಕೊಡದೆ ನೋಡಬಹುದು.

ನಮ್ಮ ಮನೆಯ ಕ್ಯಾಸೆಟ್

ಟೇಪ್ ಅಳಿಸಿದವರನ್ನು ಬೈಯಲು ಮಾತ್ರ ನನಗೆ ಬಾಯಿಲ್ಲ. ಏಕೆಂದರೆ ಆ ತಪ್ಪನ್ನು ನಾನೂ ಮಾಡಿದ್ದೇನೆ.

ನಮ್ಮ ಮಾವನವರು ನೇಯ್ಗೆಯವರು. ಹಗಲೆಲ್ಲ ಮಗ್ಗ, ಸಂಜೆ ಭಜನೆ ಮಂದಿರ. ಬಹಳ ಚೆನ್ನಾಗಿ ಹಾಡುತ್ತಿದ್ದರು. ಒಂದು ರಾಮನವಮಿಯ ದಿನ ಅವರ ಹಾಡುಗಳನ್ನು ಯಾರೋ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟಿದ್ದರು. 1991ರಲ್ಲಿ, ಮದುವೆಯಾಗಿ ಮೂರು ವರ್ಷವಾಗಿದ್ದ ನಾನು, ಹೆಸರು ಬರೆಯದ ಆ ಕ್ಯಾಸೆಟ್ಟನ್ನು ಖಾಲಿ ಎಂದುಕೊಂಡು ರೇಡಿಯೋದ ಚಿತ್ರಗೀತೆಗಳನ್ನು ಅದಕ್ಕೆ ತುಂಬಿದೆ. ತಿಳಿದಾಗ ಮಾವ ಒಂದು ಮಾತೂ ಬೈಯಲಿಲ್ಲ. “ಹೋಗ್ಲಿ ಬಿಡಮ್ಮ, ಇನ್ನೊಂದ್ ಸಲ ಹಾಡಿದ್ರಾಯ್ತು” ಎಂದರು. ಆ ಇನ್ನೊಂದು ಸಲ ಬರಲೇ ಇಲ್ಲ. 2003ರಲ್ಲಿ ಅವರು ತೀರಿಕೊಂಡರು. ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದದ್ದು ಅವರು ಕೆಮ್ಮಿ, “ಶ್ರುತಿ ಸ್ವಲ್ಪ ಏರಿಸಪ್ಪಾ” ಎನ್ನುವ ಒಂದೇ ಮಾತು. ಅತ್ತೆ ಒಮ್ಮೆಯೂ ನನ್ನನ್ನು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಬಿಲ್ಲಿ ಹಾಲಿಡೇಯನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಅಟ್ಟ ಹತ್ತಿ, 1996ರಲ್ಲಿ ನಡೆದ ನಾದಿನಿಯ ಮದುವೆಯ ವಿಡಿಯೋ ಕ್ಯಾಸೆಟ್ ಹುಡುಕಿ ತೆಗೆದೆ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆವು.

ಮೂರು ಗಂಟೆಯ ವಿಡಿಯೋ. ಧಾರೆ, ಆರತಕ್ಷತೆ, ಎಲೆ ಮುಂದೆ ಕೂತು ಮುಖ ಮುಚ್ಚಿಕೊಳ್ಳುವ ಹೆಂಗಸರು, ಎಲ್ಲ ಇತ್ತು. ನಡುವೆ ಎಲ್ಲರೂ ಊಟಕ್ಕೆ ಎದ್ದು ಹೋದ ಹೊತ್ತು. ವಿಡಿಯೋದವನು ಖಾಲಿ ಕುರ್ಚಿಗಳನ್ನು ತೋರಿಸುತ್ತಾ ವಾಲಗದವರ ಕಡೆ ತಿರುಗಿದ್ದಾನೆ. ಗಟ್ಟಿಮೇಳ ಎಂದು ಕೂಗುವಾಗ ಬಿಟ್ಟರೆ ಅವರ ಕಡೆ ಯಾರು ತಾನೇ ನೋಡುತ್ತಾರೆ? ಅಲ್ಲಿ ಒಬ್ಬ ಹುಡುಗ ಸ್ಯಾಕ್ಸೋಫೋನ್ ನುಡಿಸುತ್ತಿದ್ದಾನೆ. ಅವನ ಎದುರು ನೆಲದ ಮೇಲೆ, ಮಗಳ ಮದುವೆಯ ಊಟವನ್ನೂ ಮರೆತು, ಒಬ್ಬರೇ ತೊಡೆ ತಟ್ಟಿ ತಾಳ ಹಾಕುತ್ತಾ ಕೂತಿದ್ದಾರೆ ನಮ್ಮ ಮಾವ! ಏನೋ ಒಂದು ಪಲುಕು ಬಂದಾಗ “ಭೇಷ್” ಎನ್ನುವಂತೆ ಕೈ ಎತ್ತುತ್ತಾರೆ. ಹುಡುಗನ ಕಣ್ಣು ನಗುತ್ತದೆ. ಅಷ್ಟರಲ್ಲಿ ಯಾರೋ ಬಂದು ಊಟಕ್ಕೆ ಎಬ್ಬಿಸುತ್ತಾರೆ. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ.

“ಇನ್ನೊಂದ್ ಸಲ ಹಾಕು” ಎಂದರು ಅತ್ತೆ. ಹಾಕಿದೆ. ಐದಾರು ಸಲ ನೋಡಿದ ಮೇಲೆ ನನ್ನ ಕೈ ಹಿಡಿದು, “ಹಾಡಿದ್ದು ಹೋದ್ರೂ ಕೇಳಿದ್ದು ಉಳೀತಲ್ಲಮ್ಮ” ಎಂದರು. ಮೂವತ್ತು ವರ್ಷಗಳಿಂದ ನನ್ನ ಎದೆಯ ಮೇಲಿದ್ದ ಕಲ್ಲು ಅಂದು ಸ್ವಲ್ಪ ಸರಿಯಿತು.

ನಿಮ್ಮ ಮನೆಯಲ್ಲೂ ಇರಬಹುದು

ನಿಮ್ಮ ಅಟ್ಟದಲ್ಲೂ ಇಂಥ ಕ್ಯಾಸೆಟ್ಟುಗಳು ಇರಬಹುದಲ್ಲವೇ? ಹಾಗಿದ್ದರೆ ಇಷ್ಟು ಮಾಡಿ:

• ಕ್ಯಾಸೆಟ್ಟುಗಳನ್ನು ಒದ್ದೆ ಗೋಡೆ, ಬಿಸಿಲು, ಒಲೆಯ ಶಾಖದಿಂದ ದೂರ, ಪುಸ್ತಕದಂತೆ ನಿಲ್ಲಿಸಿ ಇಡಿ.

• ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ. ಟೇಪೂ ಹಾಳು, ಯಂತ್ರವೂ ಹಾಳು. ತಿಳಿದವರಿಂದ ಶುಚಿ ಮಾಡಿಸಿ.

• ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಪುಟ್ಟ ಪ್ಲಾಸ್ಟಿಕ್ ತುಣುಕು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ನನಗೆ ಆಗ ಇದು ಗೊತ್ತಿದ್ದಿದ್ದರೆ!

• ಪೆನ್‌ಡ್ರೈವಿಗೆ ಹಾಕಿಸಿದ ಮೇಲೆ ಇನ್ನೊಂದು ಪ್ರತಿ ಮಾಡಿಸಿ, ಬೇರೆ ಮನೆಯಲ್ಲಿಡಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.

• ಯಾರು, ಎಲ್ಲಿ, ಯಾವ ವರ್ಷ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಅವರು ಇರುವಾಗಲೇ ಕೇಳಿ.

ಮುಂದಿನ ಸಲ ಮದುವೆಗೆ ಹೋದಾಗ ಊಟದ ಸಾಲಿಗೆ ಓಡುವ ಮೊದಲು ವಾಲಗದವರ ಎದುರು ಐದು ನಿಮಿಷ ಕೂತು ನೋಡಿ. ಅಟ್ಟಕ್ಕೆ ಮಾತ್ರ ಈ ಭಾನುವಾರವೇ ಹತ್ತಿ. ಮಳೆಗಾಲ ಬರುವವರೆಗೆ ಕಾಯಬೇಡಿ.