ವೇಗ ಉಂಟು, ತಾಳ್ಮೆ ಉಂಟಾ? ವೀವೈಲ್ ಹಿಡಿದು ಆಡುವ ಮಕ್ಕಳ ಲೆಕ್ಕಾಚಾರ

ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಅಂತ ಹೊಸದಾಗಿ ಹೇಳಬೇಕಾಗಿಲ್ಲ. ಉಮ್ಮ ಅಡುಗೆ ಮನೆಯಿಂದ ಹತ್ತು ಸಲ ಕೂಗಿದರೂ ಚಾವಡಿಯ ಮೂಲೆಯಲ್ಲಿ ಕೂತ ಹುಡುಗರು ತಲೆ ಎತ್ತುವುದಿಲ್ಲ. ಒಬ್ಬನ ಕೈಯಲ್ಲಿ ಬಾಪನ ಮೊಬೈಲ್, ಇನ್ನೊಬ್ಬನ ಕೈಯಲ್ಲಿ ದುಬೈಯಿಂದ ಮಾಮ ತಂದ ನಿಂಟೆಂಡೊ. ಆಟದ ಹೆಸರು ಕೇಳಿದರೆ ಪೊಕೆಮಾನ್. "ಇದರಲ್ಲಿ ಗೆಲ್ಲುವುದು ಹೇಗೆ?" ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಮಕ್ಕಳ ಉತ್ತರ ಒಂದೇ: "ಸ್ಪೀಡ್ ಇದ್ರೆ ಸಾಕು."

ಸಾಕಾಗುವುದಿಲ್ಲ. ಅತಿ ವೇಗದ ಪ್ರಾಣಿಯನ್ನೇ ಹಿಡಿದುಕೊಂಡು ಸಾಲಾಗಿ ಸೋತು, ಮುಖ ಊದಿಸಿಕೊಂಡು ಊಟಕ್ಕೆ ಬರುವ ಮಕ್ಕಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಯಾಕೆ ಸೋಲುತ್ತಾರೆ ಅಂತ ತಿಳಿಯಲು ಕೆಲವು ದಿನ ಅವರ ಪಕ್ಕದಲ್ಲೇ ಕೂತೆವು. ಅಲ್ಲಿ ಕಂಡ ಲೆಕ್ಕ ನಾವು ಎಣಿಸಿದ್ದಕ್ಕಿಂತ ಆಳ ಉಂಟು.

ಗೊತ್ತಿಲ್ಲದ ಹಿರಿಯರಿಗೆ ಎರಡು ಮಾತು. ಈ ಆಟ 1996ರಲ್ಲಿ ಜಪಾನಿನಲ್ಲಿ ಶುರುವಾದದ್ದು. ಇದನ್ನು ಕಟ್ಟಿದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿದು ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದ ಹುಡುಗ. ಆ ಹುಚ್ಚೇ ಮುಂದೆ ಆಟವಾಯಿತು. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಟಿ.ವಿ.ಯಲ್ಲಿ ಬರುತ್ತಿದ್ದ ಹಳದಿ ಪಿಕಾಚು ಮಾತ್ರ. ದೊಡ್ಡ ಮಕ್ಕಳು ಆಡುವ ಸ್ಪರ್ಧೆಯ ಆಟವೇ ಬೇರೆ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೆ ಆರು ಪ್ರಾಣಿಗಳ ಟೀಮ್, ಒಂದು ಸಲಕ್ಕೆ ಅಂಗಳದಲ್ಲಿ ಎರಡೂ ಕಡೆಯಿಂದ ಒಂದೊಂದು. ಪ್ರತಿ ಸರದಿಯಲ್ಲೂ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ತಮ್ಮ ನಡೆಯನ್ನು ಒತ್ತಬೇಕು. ಆಮೇಲೆ ಎರಡೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಯಾವುದರ ಸ್ಪೀಡ್ ಜಾಸ್ತಿಯೋ ಅದು ಮೊದಲು ಹೊಡೆಯುತ್ತದೆ. ಮೊದಲ ಏಟಿಗೇ ಎದುರಿನದ್ದು ಮೂರ್ಛೆ ಹೋದರೆ ಅದಕ್ಕೆ ತಿರುಗಿ ಹೊಡೆಯುವ ಅವಕಾಶವೇ ಇಲ್ಲ. ಹಾಗಾಗಿ ಮಕ್ಕಳಿಗೆ ವೇಗದ ಮೇಲೆ ಅಷ್ಟು ಮೋಹ.

ನಮ್ಮ ಕಬಡ್ಡಿ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾದೀತು. ಚುರುಕು ರೈಡರ್ ಒಬ್ಬ ಇದ್ದಾನೆ ಅನ್ನಿ. ಗಾಳಿಯ ಹಾಗೆ ಹೋಗಿ ಮುಟ್ಟಿ ಬರುತ್ತಾನೆ. ಮೈಯಲ್ಲಿ ಮಾತ್ರ ತೂಕ ಇಲ್ಲ. ಕಾಲು ಒಂದು ಸಲ ಕೈಗೆ ಸಿಕ್ಕಿತೋ, ಮುಗಿಯಿತು. ಅಂಥವನನ್ನು ಯಾವಾಗ ಕಳಿಸಬೇಕು, ಯಾವಾಗ ಕೂರಿಸಬೇಕು ಅನ್ನುವುದು ಕ್ಯಾಪ್ಟನ್‌ನ ತಲೆಗೆ ಬಿಟ್ಟದ್ದು. ಪೊಕೆಮಾನ್‌ನಲ್ಲಿ ಅಂಥ ರೈಡರ್ ಯಾರು ಅಂದರೆ ನಾವು ತೋರಿಸುವುದು ವೀವೈಲ್ ಅನ್ನು.

ವೀವೈಲ್ 2006ರ ಡೈಮಂಡ್ ಮತ್ತು ಪರ್ಲ್ ಆಟಗಳಲ್ಲಿ ಬಂದ ಪ್ರಾಣಿ. ಕಪ್ಪು ಮೈ, ತಲೆಯಲ್ಲಿ ಕೆಂಪು ಗರಿಯ ಹಾಗೆ ಜುಟ್ಟು, ಉದ್ದದ ಉಗುರು. ಡಾರ್ಕ್ ಮತ್ತು ಐಸ್, ಎರಡು ಟೈಪ್. ಇದರ ಮೂಲ ಅಂಕಗಳಲ್ಲಿ ಸ್ಪೀಡ್ 125, ಅಟ್ಯಾಕ್ 120. ಎರಡೂ ಭರ್ಜರಿ. ಡಿಫೆನ್ಸ್ ನೋಡಿದರೆ ಬರೀ 65, ಜೀವದ ಅಂಕ 70. ಸಾಲದ್ದಕ್ಕೆ ಫೈಟಿಂಗ್ ಟೈಪಿನ ಏಟು ಡಾರ್ಕ್‌ಗೂ ಎರಡು ಪಟ್ಟು, ಐಸ್‌ಗೂ ಎರಡು ಪಟ್ಟು ತಾಗುವುದರಿಂದ ಇದಕ್ಕೆ ನಾಲ್ಕು ಪಟ್ಟು ತಾಗುತ್ತದೆ. ಬೆಂಕಿ, ಕಲ್ಲು, ಕಬ್ಬಿಣ, ಕೀಟ, ಫೇರಿ ಟೈಪಿನ ಏಟೂ ಎರಡು ಪಟ್ಟು. ಅಂದರೆ ಹೊಡೆಯಲಿಕ್ಕೆ ಹುಲಿ, ತಾಳಿಕೊಳ್ಳಲಿಕ್ಕೆ ಹಪ್ಪಳ.

ಮೊದಲ ನಿರ್ಧಾರ ಆಟಕ್ಕೆ ಇಳಿಯುವ ಮೊದಲೇ ಆಗುತ್ತದೆ. ಪ್ರತಿ ಪ್ರಾಣಿಗೂ ಒಂದು ಸ್ವಭಾವ ಇರುತ್ತದೆ. 'ಜಾಲಿ' ಸ್ವಭಾವವಾದರೆ ಸ್ಪೀಡ್ ಶೇ. 10 ಜಾಸ್ತಿ. 'ಅಡಮಂಟ್' ಆದರೆ ಅಟ್ಯಾಕ್ ಶೇ. 10 ಜಾಸ್ತಿ. ಹೆಚ್ಚಿನ ಹುಡುಗರು "ಸ್ಪೀಡ್ ಹೇಗೂ ಉಂಟಲ್ಲ, ಅಟ್ಯಾಕ್ ಹಾಕುವ" ಅಂತ ಅಡಮಂಟ್ ತೆಗೆದುಕೊಳ್ಳುತ್ತಾರೆ. 100ನೇ ಲೆವೆಲ್‌ನಲ್ಲಿ ಪೂರ್ತಿ ತರಬೇತಿ ಕೊಟ್ಟ ಅಡಮಂಟ್ ವೀವೈಲ್‌ನ ಸ್ಪೀಡ್ 349. ಗೆಂಗಾರ್, ಲ್ಯಾಟಿಯೋಸ್‌ನಂಥ 110 ಮೂಲ ಸ್ಪೀಡಿನವು ಪೂರ್ತಿ ಓಡಿದರೆ ಎಷ್ಟು ಗೊತ್ತಾ? 350. ಒಂದೇ ಒಂದು ಅಂಕ! ಇವೆರಡೂ ವೀವೈಲ್ ಸುಲಭವಾಗಿ ತಿಂದು ಹಾಕಬೇಕಾದವು. ಆ ಒಂದು ಅಂಕದಿಂದ ಅವು ಮೊದಲು ಹೊಡೆದು ಹೋಗುತ್ತವೆ. ಅದೇ ಜಾಲಿ ಸ್ವಭಾವದಲ್ಲಿ ಸ್ಪೀಡ್ 383. ಅಟ್ಯಾಕ್ 372ರಿಂದ 339ಕ್ಕೆ ಇಳಿಯುತ್ತದೆ, ನಿಜ. ನಮ್ಮನ್ನು ಕೇಳಿದರೆ ಜಾಲಿಯೇ ಸರಿ. ವೇಗ ನಂಬಿ ಬದುಕುವವನು ವೇಗದಲ್ಲಿ ಕಂಜೂಸ್ ಮಾಡಬಾರದು.

ಇನ್ನು ಅಂಗಳಕ್ಕೆ ಇಳಿಸುವ ವಿಷಯ. ಇಲ್ಲೇ ಮಕ್ಕಳು ಎಡವುವುದು. ಸ್ಟೆಲ್ತ್ ರಾಕ್ ಅಂತ ಒಂದು ನಡೆ ಉಂಟು. ಎದುರಾಳಿ ಒಂದು ಸಲ ಹಾಕಿಟ್ಟರೆ ನಮ್ಮ ಕಡೆ ಚೂಪು ಕಲ್ಲುಗಳು ತೇಲಿಕೊಂಡು ಇರುತ್ತವೆ. ಹೊಸದಾಗಿ ಇಳಿಯುವ ಪ್ರತಿಯೊಂದಕ್ಕೂ ಚುಚ್ಚುತ್ತವೆ. ಐಸ್ ಟೈಪಿಗೆ ಕಲ್ಲು ಆಗುವುದಿಲ್ಲ, ಹಾಗಾಗಿ ವೀವೈಲ್ ಇಳಿದ ಕೂಡಲೇ ಜೀವದ ಕಾಲು ಭಾಗ ಹೋಯಿತು. ಎರಡು ಸಲ ಇಳಿದರೆ ಅರ್ಧ. ಒಂದು ಏಟೂ ಹೊಡೆಯದೆ ಅರ್ಧ ಜೀವ! 2019ರಲ್ಲಿ ಬಂದ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳಲ್ಲಿ ಇದಕ್ಕೆ ಮದ್ದು ಸಿಕ್ಕಿತು. ಹೆವಿ ಡ್ಯೂಟಿ ಬೂಟ್ಸ್ ಅನ್ನುವ ಐಟಂ ಹಾಕಿಸಿದರೆ ಕಲ್ಲು ತಾಗುವುದಿಲ್ಲ. ಏಟಿನ ಬಲ ಹೆಚ್ಚಿಸುವ ಐಟಂ ಬಿಟ್ಟು ಚಪ್ಪಲಿ ಹಾಕಿಸುವುದಾ ಅಂತ ಮಕ್ಕಳಿಗೆ ಬೇಸರ. ಆದರೆ ಹತ್ತು ಸಲ ಬಂದು ಹೋಗಬೇಕಾದವನಿಗೆ ಚಪ್ಪಲಿಯೇ ಬೇಕು.

ಕಲ್ಲಿನಿಂದ ತಪ್ಪಿಸಿದರೂ ಎದುರಿನದ್ದರ ಏಟಿನ ಬಾಯಿಗೆ ಇಳಿಸಿದರೆ ಎಂತ ಪ್ರಯೋಜನ? ಅದಕ್ಕೆ ಅನುಭವಿ ಆಟಗಾರರು ಮಾಡುವ ಉಪಾಯ ನಮಗೆ ತುಂಬಾ ಹಿಡಿಸಿತು. ಟೀಮಿನ ಅತಿ ವೇಗದವನ ಜೊತೆಗೆ ಅತಿ ಮಂದದವನನ್ನು ಕಟ್ಟುವುದು. ಸ್ಲೋಬ್ರೋ ಅಂತ ಒಂದು ಗುಲಾಬಿ ಬಣ್ಣದ ಸೋಮಾರಿ ಉಂಟು, ಮೂಲ ಸ್ಪೀಡ್ ಬರೀ 30. ವೀವೈಲ್‌ಗೆ ಆಗದ ಫೈಟಿಂಗ್, ಬೆಂಕಿ, ಕಬ್ಬಿಣದ ಏಟುಗಳೆಲ್ಲ ಇದಕ್ಕೆ ಅರ್ಧವೇ ತಾಗುವುದು. ಎದುರಾಳಿ ವೀವೈಲ್‌ಗೆ ಅಂತ ಫೈಟಿಂಗ್ ಏಟು ಒತ್ತುತ್ತಾನೆ ಅಂತ ಅಂದಾಜಾದ ಕೂಡಲೇ ಸ್ಲೋಬ್ರೋವನ್ನು ಇಳಿಸುವುದು. ಮುಂದಿನ ಸರದಿಯಲ್ಲಿ ಸ್ಲೋಬ್ರೋ ಟೆಲಿಪೋರ್ಟ್ ಮಾಡುತ್ತದೆ. ಈ ನಡೆ ಯಾವಾಗಲೂ ಸರದಿಯ ಕೊನೆಗೇ ನಡೆಯುವುದು. ಅಷ್ಟರಲ್ಲಿ ಎದುರಾಳಿ ಹೊಡೆದಾಗಿರುತ್ತದೆ, ಏಟನ್ನು ದಪ್ಪ ಚರ್ಮದ ಸ್ಲೋಬ್ರೋ ತಿಂದಾಗಿರುತ್ತದೆ. ಆಮೇಲೆ ವೀವೈಲ್ ಮೈಗೆ ಒಂದು ಗೀರೂ ಇಲ್ಲದೆ ಅಂಗಳಕ್ಕೆ. ಮನೆಯಲ್ಲಿ ಮಾತಾಡದೆ ಭಾರ ಹೊರುವ ದೊಡ್ಡಣ್ಣ ಇದ್ದರೆ ಚಿಕ್ಕವನ ಚುರುಕು ನಾಲ್ಕು ಜನಕ್ಕೆ ಕಾಣುತ್ತದೆ ಅಲ್ವಾ, ಹಾಗೆ.

ಇಳಿದ ಮೇಲೆ ಏನು ಒತ್ತಬೇಕು? ಒಂದು ಪ್ರಾಣಿಗೆ ನಾಲ್ಕೇ ನಡೆ ಕಲಿಸಬಹುದು. ವೀವೈಲ್‌ಗೆ ಸಾಮಾನ್ಯವಾಗಿ ಕೊಡುವುದು ಟ್ರಿಪಲ್ ಆಕ್ಸೆಲ್, ನಾಕ್ ಆಫ್, ಐಸ್ ಶಾರ್ಡ್, ಸ್ವೋರ್ಡ್ಸ್ ಡಾನ್ಸ್. ಟ್ರಿಪಲ್ ಆಕ್ಸೆಲ್ ಮೂರು ಏಟಿನ ಹಿಮದ ಒದೆ. 20, 40, 60 ಅಂತ ಬಲ ಏರುತ್ತಾ ಹೋಗುತ್ತದೆ. ಆದರೆ ಪ್ರತಿ ಏಟೂ ತಾಗುವ ಸಾಧ್ಯತೆ ಶೇ. 90. ಮೂರೂ ತಾಗುವುದು ನೂರರಲ್ಲಿ ಸುಮಾರು 73 ಸಲ ಮಾತ್ರ. ನಾಕ್ ಆಫ್ ಏಟಿನ ಜೊತೆಗೆ ಎದುರಿನದ್ದು ಹಿಡಿದ ಐಟಂ ಕೆಡವುತ್ತದೆ. ಸ್ವೋರ್ಡ್ಸ್ ಡಾನ್ಸ್ ಮಾಡಿದರೆ ಅಟ್ಯಾಕ್ ಎರಡು ಪಟ್ಟು, ಆದರೆ ಒಂದು ಸರದಿ ಸುಮ್ಮನೆ ಹೋಯಿತು. ಐಸ್ ಶಾರ್ಡ್ ಬಲದಲ್ಲಿ ಬಡವ, ಬರೀ 40. ಆದರೆ ಅದಕ್ಕೆ ಸ್ಪೀಡಿನ ಹಂಗಿಲ್ಲ. ಎದುರಿನದ್ದು ಎಷ್ಟೇ ವೇಗದ್ದಾದರೂ ಸಾಮಾನ್ಯ ಏಟಿಗಿಂತ ಇದು ಮೊದಲು.

ಈ ಬಡ ಐಸ್ ಶಾರ್ಡ್‌ನ ಬೆಲೆ ತಿಳಿಯಬೇಕಾದರೆ ಒಂದು ಆಟದ ಕೊನೆಯ ಸರದಿ ನೋಡಬೇಕು. ನಮ್ಮಲ್ಲಿ ಉಳಿದದ್ದು ಸ್ವಲ್ಪ ಏಟು ತಿಂದ ವೀವೈಲ್ ಒಂದೇ. ಅವನಲ್ಲಿ ಉಳಿದದ್ದು ಗಾರ್‌ಚಾಂಪ್ ಒಂದೇ, ಜೀವ ಶೇ. 70. ಗಾರ್‌ಚಾಂಪ್ ಡ್ರಾಗನ್ ಮತ್ತು ನೆಲದ ಟೈಪ್, ಹಿಮದ ಏಟು ಅದಕ್ಕೆ ನಾಲ್ಕು ಪಟ್ಟು. ಅದರ ಪೂರ್ತಿ ಸ್ಪೀಡ್ 333, ನಮ್ಮದು 383. ಮಕ್ಕಳು ಇಲ್ಲಿ ಯೋಚಿಸುವುದೇ ಇಲ್ಲ. ದೊಡ್ಡ ಏಟು ಟ್ರಿಪಲ್ ಆಕ್ಸೆಲ್ ಒತ್ತಿಯೇ ಬಿಡುತ್ತಾರೆ.

ನಿಲ್ಲಿ. ಅವನ ಗಾರ್‌ಚಾಂಪ್ ಚಾಯ್ಸ್ ಸ್ಕಾರ್ಫ್ ಕಟ್ಟಿಕೊಂಡಿದ್ದರೆ? ಆ ಐಟಂ ಇದ್ದರೆ ಸ್ಪೀಡ್ ಒಂದೂವರೆ ಪಟ್ಟು, 333 ಹೋಗಿ 499. ಅದು ಮೊದಲು ಅರ್ತ್‌ಕ್ವೇಕ್ ಹೊಡೆಯುತ್ತದೆ, ಹಪ್ಪಳ ಪುಡಿ. ಸ್ಕಾರ್ಫ್ ಇಲ್ಲ ಅಂತಲೇ ಇಟ್ಟುಕೊಳ್ಳುವ. ಆಗಲೂ ಒದೆ ತಪ್ಪುವ ಅಪಾಯ ಉಂಟು. ತಾಗಿದರೂ ಗಾರ್‌ಚಾಂಪ್‌ನ ಒರಟು ಚರ್ಮ ಮುಟ್ಟಿದವನಿಗೇ ತಿರುಗಿ ಗಾಯ ಮಾಡೀತು. ಅದೇ ಐಸ್ ಶಾರ್ಡ್ ಒತ್ತಿದರೆ? ಜೀವಕ್ಕೂ ಡಿಫೆನ್ಸ್‌ಗೂ ಹೆಚ್ಚುವರಿ ತರಬೇತಿ ಕೊಡದ ಗಾರ್‌ಚಾಂಪ್‌ಗೆ ಅದು ಪೂರ್ತಿ ಜೀವದ ಶೇ. 74ರಿಂದ 87ರಷ್ಟು ಕೀಳುತ್ತದೆ. ಸ್ಕಾರ್ಫ್ ಇರಲಿ ಇಲ್ಲದಿರಲಿ, ಮೊದಲ ಏಟು ನಮ್ಮದೇ. ತಪ್ಪುವುದೂ ಇಲ್ಲ, ಮೈ ಮುಟ್ಟುವುದೂ ಇಲ್ಲ. ಉಳಿದ 70 ಹೋಯಿತು. ಆಟ ನಮ್ಮದು.

ಗಾರ್‌ಚಾಂಪ್‌ನ ಜೀವ 70ರ ಬದಲು 80 ಇದ್ದಿದ್ದರೆ ಐಸ್ ಶಾರ್ಡ್ ನಸೀಬಿನ ಮೇಲೆ. 90 ಇದ್ದರೆ ಸಾಧ್ಯವೇ ಇಲ್ಲ. ಹಾಗಾದರೆ ಈ ಆಟ ಗೆದ್ದದ್ದು ಯಾವಾಗ? ಕೊನೆಯ ಸರದಿಯಲ್ಲಿ ಅಲ್ಲ ಮಾರಾಯ್ರೇ. ಅದಕ್ಕೂ ಮೊದಲು ಟೀಮಿನ ಯಾರೋ ಒಬ್ಬ ತಾನು ಮೂರ್ಛೆ ಹೋಗುವ ಮುಂಚೆ ಗಾರ್‌ಚಾಂಪ್‌ಗೆ ಒಂದು ಸಣ್ಣ ಏಟು ತಟ್ಟಿ ಹೋಗಿದ್ದನಲ್ಲ, ಆಗ. ಅಥವಾ ಆಟದ ಆರಂಭದಲ್ಲೇ ವೀವೈಲ್ ನಾಕ್ ಆಫ್ ಮಾಡಿ ಅದರ ಸ್ಕಾರ್ಫ್ ಕೆಡವಿದ್ದರೆ ಈ ಹೆದರಿಕೆಯೇ ಇರುತ್ತಿರಲಿಲ್ಲ. ಚುರುಕಿನವನು ಕೊನೆಗೆ ಬಂದು ಗುಡಿಸಿ ಹಾಕುವವನು. ಕಸ ಒಟ್ಟು ಮಾಡಿದವರು ಬೇರೆ. ಸೋತ ಹುಡುಗರ ಆಟ ನೋಡಿದರೆ ಹೆಚ್ಚಿನ ಕಡೆ ವೀವೈಲ್ ಮೊದಲ ಮೂರು ಸರದಿಯಲ್ಲೇ ಮುಗಿದಿರುತ್ತದೆ. ಒಳ್ಳೆಯ ಆಟಗಾರರು ಅದನ್ನು ಅರ್ಧ ಆಟ ಹೊರಗೇ ಕೂರಿಸುತ್ತಾರೆ, ನಡುವೆ ಒಂದೆರಡು ಸಲ ಬಂದು ಐಟಂ ಕೆಡವಿ ವಾಪಸ್.

ವೇಗವನ್ನು ಕಟ್ಟಿಹಾಕುವ ದಾರಿಗಳೂ ಎದುರಾಳಿಯ ಬಳಿ ಉಂಟು. ಥಂಡರ್ ವೇವ್ ತಾಗಿದರೆ ಸ್ಪೀಡ್ ಅರ್ಧ, 383 ಇದ್ದದ್ದು 191. ಟ್ರಿಕ್ ರೂಮ್ ಹಾಕಿದರೆ ಐದು ಸರದಿ ಎಲ್ಲ ಉಲ್ಟಾ, ಮಂದದವನೇ ಮೊದಲು. ಸಿಜರ್‌ನ ಬುಲೆಟ್ ಪಂಚ್, ಕಾಂಕೆಲ್ಡರ್‌ನ ಮ್ಯಾಕ್ ಪಂಚ್ ಕೂಡ ಐಸ್ ಶಾರ್ಡ್‌ನ ಹಾಗೇ ಮೊದಲು ಬರುವ ಏಟುಗಳು. ಎರಡೂ ವೀವೈಲ್‌ಗೆ ಆಗದವು. ಇವು ಎದುರಿನ ಟೀಮಿನಲ್ಲಿ ಕಂಡರೆ ಅವು ಹೋಗುವ ತನಕ ಸ್ವೋರ್ಡ್ಸ್ ಡಾನ್ಸ್‌ನ ಆಸೆ ಬಿಡಬೇಕು. ಕುಣಿದು ಮುಗಿಸುವುದರೊಳಗೆ ಏಟು ಬಿದ್ದಾಯಿತು.

ಮತ್ತೆ ಡ್ರಾಗಾಪಲ್ಟ್ ಅಂತ ಒಂದು ಉಂಟು, ಮೂಲ ಸ್ಪೀಡ್ 142. ಪೂರ್ತಿ ಓಡಿದರೆ 421, ನಮ್ಮದಕ್ಕೆ ಸಿಗುವುದಿಲ್ಲ. ಆದರೆ ಅದರ ಯಜಮಾನ ಸ್ಪೀಡಿನ ಸ್ವಭಾವ ಬಿಟ್ಟು ಬಲದ ಸ್ವಭಾವ ಹಾಕಿದ್ದರೆ ಅದೂ ಸರಿಯಾಗಿ 383. ಎರಡೂ ಸಮ ಆದಾಗ ಯಾರು ಮೊದಲು ಅಂತ ಯಂತ್ರವೇ ನಾಣ್ಯ ಚಿಮ್ಮಿದ ಹಾಗೆ ತೀರ್ಮಾನಿಸುತ್ತದೆ. ಅಂಥ ಹೊತ್ತಿನಲ್ಲೂ ಐಸ್ ಶಾರ್ಡ್ ನೆನಪಾದವನು ಬಚಾವ್.

"ಹಾಗಾದರೆ ಇದು ಜೂಜಲ್ಲವಾ?" ಅಂತ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಮಕ್ಕಳು ಮನೆಯಲ್ಲಿ ಆಡುವ ಈ ಪಂದ್ಯಗಳಲ್ಲಿ ಹಣ ಕಟ್ಟುವುದಿಲ್ಲ. ನಸೀಬಿನ ಪಾಲು ಕ್ಯಾರಮ್‌ಗಿಂತ ಜಾಸ್ತಿ ಉಂಟು. ಆದರೆ ನಸೀಬನ್ನು ಎಷ್ಟು ಕಡಿಮೆ ನೆಚ್ಚಿಕೊಳ್ಳಬಹುದು ಅನ್ನುವುದೇ ಮೇಲೆ ಹೇಳಿದ ಲೆಕ್ಕವೆಲ್ಲ. ಯಾರಾದರೂ ಹಣ ಕಟ್ಟಿ ಆಡುವ ಅಂತ ಕರೆದರೆ ಅದು ಬೇರೆ ಮಾತು. ಅಲ್ಲಿ ಮಗುವಿನ ಕೈ ಹಿಡಿದು ಎಬ್ಬಿಸಬೇಕು. ನಿಂಟೆಂಡೊ ಬೇಕೇ ಬೇಕು ಅಂತ ಹಠ ಹಿಡಿಯುವ ಮಕ್ಕಳಿಗೆ ಇನ್ನೊಂದು ವಿಷಯ. ಸ್ಪರ್ಧೆಯ ಅಭ್ಯಾಸಕ್ಕೆ ಅಭಿಮಾನಿಗಳೇ ಕಟ್ಟಿದ ಪೊಕೆಮಾನ್ ಶೋಡೌನ್ ಅನ್ನುವುದು ಮೊಬೈಲ್ ಬ್ರೌಸರ್‌ನಲ್ಲೇ ಪುಕ್ಕಟೆ ನಡೆಯುತ್ತದೆ. ಗಲ್ಫ್‌ನಲ್ಲಿರುವ ಮಾಮನಿಗೆ ಫೋನ್ ಹಚ್ಚುವ ಮೊದಲು ಅಲ್ಲಿ ಒಂದು ತಿಂಗಳು ಆಡಿ ನೋಡಲಿ. ಮುಗಿದ ಪಂದ್ಯವನ್ನು ತಿರುಗಿ ನೋಡುವ ವ್ಯವಸ್ಥೆಯೂ ಅಲ್ಲಿ ಉಂಟು. ಸೋತ ಮಗು "ನಸೀಬು ಸರಿ ಇಲ್ಲ" ಅಂದರೆ ಅದನ್ನು ಹಾಕಿಸಿ, ವೀವೈಲ್ ಯಾವ ಸರದಿಯಲ್ಲಿ ಹೋಯಿತು ಅಂತ ಕೇಳಿ.

ಮತ್ತೆ ಉಮ್ಮಂದಿರಿಗೆ. ಈ ಪಂದ್ಯವನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ. ಆಚೆ ಕೂತವನು ಇನ್ಯಾವುದೋ ದೇಶದವನು ಇರಬಹುದು, ಪ್ರತಿ ಸರದಿಗೂ ಗಡಿಯಾರ ಓಡುತ್ತಾ ಇರುತ್ತದೆ, ಎದ್ದು ಹೋದರೆ ಸೋಲು. ಅನ್ನ ಬಡಿಸಿದ ಮೇಲೆ ಕರೆಯುವುದಕ್ಕಿಂತ, ಹೊಸ ಪಂದ್ಯ ಶುರು ಮಾಡುವ ಮೊದಲೇ "ಇದು ಕೊನೆಯದ್ದು" ಅಂತ ಹೇಳಿಡಿ. ಆಗ ಬಂದೇ ಬರುತ್ತಾರೆ, ಗೆದ್ದಿದ್ದರೆ ಸ್ವಲ್ಪ ಬೇಗ.