ಮೊಬೈಲಿಗೆ ಸಿಗುವ ವೈಫೈ ಲ್ಯಾಪ್‌ಟಾಪಿಗೆ ಯಾಕೆ ಸಿಗದು?

ಅಣ್ಣ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದೇನೆ. ಮನೆಯ ವೈಫೈ ಮೊಬೈಲಿನಲ್ಲಿ ಬರುತ್ತದೆ, ಇದರಲ್ಲಿ ಹೆಸರೇ ಕಾಣುವುದಿಲ್ಲ. ರೌಟರ್ 13ನೇ ಚಾನೆಲ್‌ನಲ್ಲಿದೆ. ಲಿನಕ್ಸ್ ಕೆಟ್ಟಿದೆಯೇ?
— ಓದುಗರೊಬ್ಬರು, ಕುಮಾರಪಟ್ಟಣ

ಕೆಟ್ಟಿರಲಿಕ್ಕಿಲ್ಲ. ಬಹುಶಃ ಅದು ಕಾನೂನು ಪಾಲಿಸುತ್ತಿದೆ, ಅದೂ ಅಮೆರಿಕದ್ದನ್ನು!

ವೈಫೈ ಎಂದರೆ ರೇಡಿಯೋ. ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿಂದ ಪ್ರಸಾರ ಮಾಡಬೇಕೆಂದು ಆಯಾ ದೇಶವೇ ಗೊತ್ತುಮಾಡುತ್ತದೆ. ಭಾರತ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಗೆ 2005ರಲ್ಲಿ ಲೈಸೆನ್ಸ್ ಬೇಡವೆಂದಿತು. ಇಲ್ಲಿ 1ರಿಂದ 13ರವರೆಗಿನ ಚಾನೆಲ್‌ಗಳು ನಡೆಯುತ್ತವೆ. ಅಮೆರಿಕದ ಸಾಧನಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ.

ಲಿನಕ್ಸಿನಲ್ಲಿ ದೇಶವಾರು ನಿಯಮಗಳ ಕಡತವೊಂದಿದೆ. ವೈಫೈ ಕಾರ್ಡಿನೊಳಗೂ ತಯಾರಕರು ದೇಶದ ಗುರುತು ಬರೆದಿರುತ್ತಾರೆ. ನೀವು ಭಾರತವೆಂದು ಹೇಳಿದರೂ ಎರಡೂ ಕಡೆ ಒಪ್ಪಿದ್ದಕ್ಕಷ್ಟೇ ಅನುಮತಿ. ರಾಣೆಬೆನ್ನೂರಿನ ಹೆದ್ದಾರಿಯಲ್ಲಿ ಓಡುವ ಲಾರಿಯನ್ನೇ ನೋಡಿ: ರಸ್ತೆ ಬದಿಯ ಫಲಕ ಹೆಚ್ಚು ವೇಗಕ್ಕೆ ಬಿಟ್ಟರೂ ಇಂಜಿನ್ನಿನ ಸ್ಪೀಡ್ ಗವರ್ನರ್ ಬಿಡುವುದಿಲ್ಲ.

ಲಿನಕ್ಸಿನಂಥ ಮುಕ್ತ ತಂತ್ರಾಂಶಕ್ಕೆ ಇಷ್ಟು ಮಡಿವಂತಿಕೆ ಯಾಕೆ? ಹಿಂದೆ ಚಿಪ್ ಕಂಪನಿಗಳು ಡ್ರೈವರಿನ, ಅಂದರೆ ಚಿಪ್ ನಡೆಸುವ ತಂತ್ರಾಂಶದ, ಸೋರ್ಸ್ ಕೋಡ್ ಕೊಡಲು ಹೆದರುತ್ತಿದ್ದವು. ಯಾರೋ ತಿದ್ದಿ ಶಕ್ತಿ ಏರಿಸಿದರೆ ತಲೆನೋವು ತಮಗೇ ಎಂಬ ಲೆಕ್ಕ. ಲಿನಕ್ಸ್‌ನವರು ನಿಯಮಪಾಲನೆಯನ್ನು ವ್ಯವಸ್ಥೆಯೊಳಗೇ ಕೂರಿಸಿದರು. 2008ರಲ್ಲಿ ಅಥೆರೋಸ್ ಕಂಪನಿ ತನ್ನ ಹೊಸ ಚಿಪ್‌ಗಳಿಗೆ ಮುಕ್ತ ಡ್ರೈವರನ್ನೇ ಕೊಟ್ಟಿತು. ನನಗಂತೂ ಇದು ಲಾಭದ ಚೌಕಾಸಿ.

ಕಾರ್ಡಿಗೆ ಕೈ ಹಾಕಬೇಡಿ. ರೌಟರ್ ಸೆಟ್ಟಿಂಗ್ ತೆರೆದು ಚಾನೆಲ್ಲನ್ನು 1, 6 ಅಥವಾ 11ಕ್ಕೆ ಬದಲಿಸಿ ನೋಡಿ.